80 ರೂಪಾಯಿಯ ಸ್ಪ್ಲಿಟರ್

ಶಿವಮೊಗ್ಗದಲ್ಲಿ ಕಂಪ್ಯೂಟರ್ ರಿಪೇರಿ, ನೆಟ್‌ವರ್ಕ್ ಕೆಲಸ ಮಾಡಿಕೊಂಡಿದ್ದೇನೆ. ಮದುವೆ ಫೋಟೋ ತೆಗೆಯುವವರೊಬ್ಬರಿಗೆ ಮನೆಯಲ್ಲಿ ಫೈಲ್ ಇಟ್ಟುಕೊಳ್ಳಲು ಒಂದು ಸರ್ವರ್ ಕಟ್ಟಿಕೊಟ್ಟಿದ್ದೆ. ಒಳ್ಳೆ ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಟಿಬಿಯ ನಾಲ್ಕು ಡಿಸ್ಕ್. ಪವರ್ ಸಪ್ಲೈಯಲ್ಲಿ ಡಿಸ್ಕಿಗೆ ಕರೆಂಟ್ ಕೊಡುವ ಸಾಟಾ ಪಿನ್ ಎರಡೇ ಇದ್ದವು. ಡ್ರಾಯರಿನಲ್ಲಿ ಬಿದ್ದಿದ್ದ 80 ರೂಪಾಯಿಯ ಸ್ಪ್ಲಿಟರ್, ಅಂದರೆ ಒಂದು ಪಿನ್ನಿನಿಂದ ಹೆಚ್ಚು ಡಿಸ್ಕಿಗೆ ಕರೆಂಟ್ ಹಂಚುವ ಕವಲು ವೈರ್, ಸಿಕ್ಕಿಸಿ ಕೆಲಸ ಮುಗಿಸಿದೆ.

ನಾಲ್ಕು ತಿಂಗಳಿಗೆ ಫೋನ್ ಬಂತು. "ಅಣ್ಣಾ, ಡಬ್ಬ ಕೂಗ್ತಾ ಇದೆ, ನಿಲ್ತಾನೇ ಇಲ್ಲ."

ಒಂದು ಡಿಸ್ಕ್ ಕೆಟ್ಟರೂ ಫೈಲ್ ಉಳಿಯಲಿ ಅಂತ ನಾಲ್ಕನ್ನೂ ರೇಡ್ ಅನ್ನುವ ಜೋಡಣೆಯಲ್ಲಿ ಒಟ್ಟಿಗೆ ಕಟ್ಟಿದ್ದೆ. ಮೂರನೇ ಡಿಸ್ಕ್ ಆ ರೇಡ್‌ನಿಂದ ಆಚೆ ಬಿದ್ದಿತ್ತು. ಹೊಸದು ಹಾಕಿದೆ. ಒಂದೇ ವಾರಕ್ಕೆ ಅದೂ ಬಿತ್ತು. ಡಿಸ್ಕ್ ಮಾಡಿದವರಿಗೆ ಮನಸಾರೆ ಬೈದೆ. ಆಮೇಲೆ ಹಳೇ ಡಿಸ್ಕನ್ನು ಅಂಗಡಿಗೆ ತಂದು ಸ್ಮಾರ್ಟ್ ರಿಪೋರ್ಟ್, ಅಂದರೆ ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ, ತೆಗೆದೆ. 5ನೇ ಸಾಲು, 197ನೇ ಸಾಲು ಎರಡೂ ಸೊನ್ನೆ. ಹಾಳಾದ ಸೆಕ್ಟರ್ (ಡೇಟಾ ಕೂರುವ ಚಿಕ್ಕ ಜಾಗ) ಒಂದೂ ಇಲ್ಲ! ಆದರೆ 12ನೇ ಸಾಲಿನ ಪವರ್ ಸೈಕಲ್ ಲೆಕ್ಕ, ಅಂದರೆ ಎಷ್ಟು ಸಲ ಆಫ್ ಆಗಿ ಆನ್ ಆಗಿದೆ ಅನ್ನುವುದು, ಮುನ್ನೂರು ದಾಟಿತ್ತು. ಹಗಲೂ ರಾತ್ರಿ ಆನ್ ಇರುವ ಡಿಸ್ಕ್ ಅಷ್ಟು ಸಲ ಆಫ್ ಆಗಿದ್ದು ಯಾವಾಗ?

ಡಬ್ಬ ಬಿಚ್ಚಿದೆ. ಸುಟ್ಟ ಪ್ಲಾಸ್ಟಿಕ್ ವಾಸನೆ. ಸ್ಪ್ಲಿಟರ್ ತುದಿ, ಹಳದಿ ವೈರ್ ಕೂತ ಕಡೆ, ಕಾಫಿ ಬಣ್ಣಕ್ಕೆ ತಿರುಗಿತ್ತು. ಅದು 12 ವೋಲ್ಟ್ ವೈರ್. ದೊಡ್ಡ ಡಿಸ್ಕ್ ತಿರುಗಲು ಶುರುವಾಗುವಾಗ ಒಂದೊಂದೂ ಸುಮಾರು 2 ಆಂಪಿಯರ್ ಎಳೆಯುತ್ತದೆ. ಅಗ್ಗದ ಸ್ಪ್ಲಿಟರಿನಲ್ಲಿ ವೈರ್ ಇಟ್ಟು ಮೇಲೆ ಪ್ಲಾಸ್ಟಿಕ್ ಎರಕ ಹೊಯ್ದಿರುತ್ತಾರೆ. ಒಳಗೆ ಏನಾಗಿದೆ ಅಂತ ಕಾಣಿಸೋದೇ ಇಲ್ಲ. ಅಲ್ಲೇ ಕರೆಂಟ್ ಆಗಾಗ ತಪ್ಪಿ ಡಿಸ್ಕ್ ಆಫ್ ಆಗುತ್ತಿತ್ತು. ನಮ್ಮ ಪುಣ್ಯ, ಬೆಂಕಿ ಹತ್ತಲಿಲ್ಲ.

ಈಗ ಯಾರಾದರೂ ಕೇಳಿದರೆ ಮೊದಲು ಪವರ್ ಸಪ್ಲೈ ಆರಿಸುತ್ತೇನೆ. ಡಿಸ್ಕ್ ಎಷ್ಟಿವೆಯೋ ಅಷ್ಟು ಪಿನ್ ಅದರಲ್ಲೇ ಇರಬೇಕು. ಪ್ರೊಸೆಸರ್ ಯಾವುದಾದರೂ ನಡೆಯುತ್ತದೆ, ಬರೀ ಫೈಲ್ ಕೊಡೋಕೆ ಏನು ಮಹಾ ಬೇಕು?

ಡಿಸ್ಕ್ ವಿಷಯದಲ್ಲಿ ಮಾತ್ರ ಹಟ ಮಾಡುತ್ತೇನೆ. ಡೇಟಾ ಬರೆಯುವ ಗೆರೆಗಳು (ಟ್ರ್ಯಾಕು) ಒಂದರ ಮೇಲೊಂದು ಬೀಳದ ಸಿಎಂಆರ್ ಡಿಸ್ಕೇ ಇರಬೇಕು. ಎಸ್‌ಎಂಆರ್ ಡಿಸ್ಕಿನಲ್ಲಿ ಟ್ರ್ಯಾಕುಗಳು ನಮ್ಮ ಮಲೆನಾಡಿನ ಹೆಂಚಿನ ಹಾಗೆ ಒಂದರ ಮೇಲೊಂದು ಹೊದ್ದಿರುತ್ತವೆ. ಮಧ್ಯದ ಒಂದು ಹೆಂಚು ಬದಲಿಸಬೇಕಂದ್ರೆ ಅಕ್ಕಪಕ್ಕದ್ದೂ ಎತ್ತಬೇಕಲ್ವಾ, ಇದೂ ಹಾಗೇ. ಸುಮ್ನೆ ಬ್ಯಾಕಪ್‌ಗೆ ಪರವಾಗಿಲ್ಲ. ರೇಡ್ ಮತ್ತೆ ಕಟ್ಟುವಾಗ ಒಂದು ರಾತ್ರಿಯ ಕೆಲಸ ದಿನಗಟ್ಟಲೆ ಎಳೆಯುತ್ತದೆ. 'ನ್ಯಾಸ್' (ಇಂಥ ಫೈಲ್ ಸರ್ವರಿಗೇ ಅಂತ) ಲೇಬಲ್ ಇದ್ದ ಡಿಸ್ಕುಗಳಲ್ಲೂ ಎಸ್‌ಎಂಆರ್ ಇರುವುದು 2020ರಲ್ಲಿ ಬಯಲಾಯಿತು. ಹಾಗಾಗಿ ಲೇಬಲ್ ನಂಬದೆ ಮಾಡೆಲ್ ನಂಬರ್ ಹಿಡಿದು ಡೇಟಾಶೀಟ್ ನೋಡುತ್ತೇನೆ.

ಯುಪಿಎಸ್ ಅಂತೂ ಬೇಕೇ ಬೇಕು, ಯುಎಸ್‌ಬಿ ವೈರ್ ಸಮೇತ. ಮಳೆಗಾಲದ ನಡುರಾತ್ರಿ ಕರೆಂಟ್ ಹೋದರೆ ಎದ್ದು ಸರ್ವರ್ ಆಫ್ ಮಾಡೋರು ಯಾರು? ವೈರ್ ಇದ್ದರೆ ಬ್ಯಾಟರಿ ಇಳಿಯುವ ಸುದ್ದಿ ಸರ್ವರಿಗೆ ಮುಟ್ಟಿ, ಅದು ತಾನೇ ಆಫ್ ಆಗುತ್ತದೆ.

ಆ ಸುಟ್ಟ ಸ್ಪ್ಲಿಟರ್ ವೈರ್ ಬದಲಿಸಿದ ಮೇಲೆ 'ಸತ್ತ' ಡಿಸ್ಕ್ ಎರಡೂ ಎದ್ದು ಕೂತವು. ಒಂದು ಜಾಸ್ತಿಯಾಯಿತು. ಅದರ ದುಡ್ಡು ನಾನೇ ಕೊಟ್ಟೆ, ತಪ್ಪು ನನ್ನದೇ ತಾನೇ. ಆ ಡಿಸ್ಕ್ ಈಗ ತೀರ್ಥಹಳ್ಳಿಯಲ್ಲಿ, ಆ ಫೋಟೋದವರ ಅತ್ತೆ ಮನೆ ಬೀರುವಿನಲ್ಲಿದೆ. ಹಬ್ಬಕ್ಕೆ ಹೋದಾಗ ತಂದು, ಹೊಸ ಫೋಟೋ ತುಂಬಿಸಿ, ಮುಂದಿನ ಹಬ್ಬಕ್ಕೆ ವಾಪಸ್ ಇಟ್ಟು ಬರುತ್ತಾರೆ.