ವಿಯೆಟ್ನಾಂಗೆ ಹೊರಟಿದ್ದೀರಾ? ಎರಡು ನೀಲಿ ನೋಟು, ಒಂದು ‘ಚಾಯ್’ ಬೋರ್ಡು ನೆನಪಿಡಿ

ಹೋಯಿ ಆನ್ ಪೇಟೆಯಲ್ಲಿ ಒಂದು ಎಳನೀರಿಗೆ ನಾನು ಕೊಟ್ಟಿದ್ದು 5 ಲಕ್ಷ ಡಾಂಗ್. ಡಾಂಗ್ ಅಂದರೆ ಅಲ್ಲಿನ ದುಡ್ಡು. ಕೊಡಬೇಕಾಗಿದ್ದು 20 ಸಾವಿರ. ಎರಡೂ ನೋಟು ನೀಲಿ. ಎರಡರ ಮೇಲೂ ಹೋ ಚಿ ಮಿನ್ ಮುಖ. ಬಿಸಿಲಲ್ಲಿ ನಿಂತು, ಸೊನ್ನೆ ಎಣಿಸದೆ ಕೊಟ್ಟುಬಿಟ್ಟೆ. ಮಾರುವವಳು ಸುಮ್ನೆ ಇಸಿದುಕೊಂಡಳು. ರಾತ್ರಿ ರೂಮಿನಲ್ಲಿ ಲೆಕ್ಕ ಹಾಕುವಾಗ ಗೊತ್ತಾಯಿತು, ನಮ್ಮ ದುಡ್ಡಿನಲ್ಲಿ 1600 ರೂಪಾಯಿ ಹೋಗಿದೆ. ಅವತ್ತು ನನಗೆ ನಿದ್ದೆ ಬರಲಿಲ್ಲ.

ಬಾಗಲಕೋಟೆ ನವನಗರದಿಂದ ನಾವು ಮೂವರು ಹೋಗಿದ್ದೆವು. ನಾನು, ನನ್ನ ಹೆಂಡತಿ, ನನ್ನ ತಂಗಿ. ಮೂವರಿಗೂ ಅದೇ ಮೊದಲ ಪರದೇಶ. ವಾಪಸ್ ಬಂದ ಮೇಲೆ ಓಣಿಯಲ್ಲಿ ನಾಲ್ಕು ಮನೆಯವರು ‘ನಾವೂ ಹೋಗಬೇಕು, ಏನು ಮಾಡಬೇಕು ಹೇಳಿ’ ಅಂದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದುಡ್ಡಿನ ವಿಷಯ ಮುಗಿಸುತ್ತೇನೆ. ನಾವು ಹೋದಾಗ ಒಂದು ರೂಪಾಯಿಗೆ ಸುಮಾರು 300 ಡಾಂಗ್ ಇತ್ತು. ಅಂಗಡಿಗಳಲ್ಲಿ ಬೆಲೆ ಬರೆಯುವಾಗ ಕೊನೆಯ ಮೂರು ಸೊನ್ನೆ ಬಿಟ್ಟುಬಿಡುತ್ತಾರೆ. ‘35’ ಅಂತಿದ್ದರೆ 35 ಸಾವಿರ. ಅದನ್ನು ಮೂರರಿಂದ ಗುಣಿಸಿ, ಸ್ವಲ್ಪ ಸೇರಿಸಿದರೆ ರೂಪಾಯಿ ಸಿಗುತ್ತದೆ. 5 ಲಕ್ಷದ ನೋಟು 20 ಸಾವಿರದ್ದಕ್ಕಿಂತ ಸ್ವಲ್ಪ ಉದ್ದ ಇದೆ, ಆದರೆ ಅವಸರದಲ್ಲಿ ಅದು ಕಣ್ಣಿಗೆ ಬೀಳೋದಿಲ್ಲ. ಹಾಗಾಗಿ ದೊಡ್ಡ ನೋಟು ಬೇರೆ ಜೇಬಿನಲ್ಲಿಡಿ. ಮರುದಿನದಿಂದ 5 ಲಕ್ಷದ ನೋಟೆಲ್ಲ ತಂಗಿಯ ಪರ್ಸಿನಲ್ಲಿ, ಚಿಲ್ಲರೆ ನನ್ನ ಹತ್ತಿರ. ಆಮೇಲೆ ಒಂದು ಡಾಂಗ್ ಕೂಡ ತಪ್ಪಲಿಲ್ಲ.

ವೀಸಾ ಮನೆಯಲ್ಲೇ ಕೂತು ಇಂಟರ್ನೆಟ್ಟಿನಲ್ಲಿ ಮಾಡಬಹುದು. ಒಬ್ಬ ಏಜೆಂಟ್ ತಲೆಗೆ 5500 ರೂಪಾಯಿ ಕೇಳಿದ್ದ. ಸರ್ಕಾರದ ಶುಲ್ಕ ಒಂದು ಸಲದ ಪ್ರವೇಶಕ್ಕೆ 25 ಡಾಲರ್ ಅಷ್ಟೇ. 90 ದಿನದ ತನಕ ಸಿಗುತ್ತದೆ. ಹುಡುಕಿದರೆ ಸರ್ಕಾರದ್ದೇ ಅನ್ನುವ ಹಾಗೆ ಕಾಣುವ ಖಾಸಗಿ ಪುಟಗಳು ಮೊದಲು ಬರುತ್ತವೆ, ಹುಷಾರು. ವಿಳಾಸದ ಕೊನೆಯಲ್ಲಿ ‘ಗವ್ ಡಾಟ್ ವಿಎನ್’ (gov.vn) ಇರಬೇಕು. ಹೆಸರು ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ, ಒಂದಕ್ಷರವೂ ತಪ್ಪದೆ ಹಾಕಿ. ತಂಗಿಯ ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಇತ್ತು, ಅಪ್ಪನ ಹೆಸರು ಮುಂದೆ ಸೇರಿತ್ತು. ಅದಕ್ಕೇ ನಾವು ಎರಡೆರಡು ಸಲ ನೋಡಿ ಕಳಿಸಿದೆವು. ತಪ್ಪಾದರೆ ಕಟ್ಟಿದ ದುಡ್ಡು ವಾಪಸ್ ಬರೋದಿಲ್ಲ.

ಇನ್ನು ಊಟ. ನಮ್ಮ ಕಡೆಯವರು ಪರದೇಶ ಅಂದರೆ ಹೆದರೋದೇ ಇದಕ್ಕೆ, ಅಲ್ವಾ? ನಾವು ಮೂವರೂ ಸಸ್ಯಾಹಾರಿಗಳು. ಅದಕ್ಕೇ ಬ್ಯಾಗಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಅಮೀನಗಡದ ಕರದಂಟು ತುಂಬಿಕೊಂಡಿದ್ದೆವು. ಡಾ ನಾಂಗ್ ನಗರದಲ್ಲಿ ಮೊದಲ ರಾತ್ರಿ ಹೆದರಿಕೊಂಡು ಒಂದು ಇಂಡಿಯನ್ ಹೋಟೆಲಿಗೆ ಹೋದೆವು. ಎರಡು ದಾಲ್, ಆರು ರೊಟ್ಟಿ, ಒಂದು ಜೀರಾ ರೈಸ್. ಬಿಲ್ಲು 6 ಲಕ್ಷ 20 ಸಾವಿರ ಡಾಂಗ್. ಎರಡು ಸಾವಿರ ರೂಪಾಯಿ! ದಾಲ್ ತಣ್ಣಗಿತ್ತು, ರೊಟ್ಟಿ ಚರ್ಮದ ಹಾಗಿತ್ತು. ಪ್ಯಾಕೇಜಿನಲ್ಲಿ ಹೋದವರು ದಿನಾ ಎರಡು ಹೊತ್ತು ಇಂಥದ್ದನ್ನೇ ತಿಂದು ಬರುತ್ತಾರೆ. ನೆನೆಸಿಕೊಂಡರೆ ಬೇಜಾರಾಗುತ್ತದೆ.

ಮರುದಿನ ಬೆಳಿಗ್ಗೆ ಲಾಡ್ಜಿನ ಹುಡುಗಿ ಒಂದು ಶಬ್ದ ಕಲಿಸಿದಳು. ‘ಚಾಯ್.’ ನಮ್ಮ ಚಹಾ ಅಲ್ಲ. ಅವರ ಭಾಷೆಯಲ್ಲಿ ಸಸ್ಯಾಹಾರ ಅಂತ. ಬೋರ್ಡಿನಲ್ಲಿ ಸಿ, ಎಚ್, ಎ, ವೈ ಅಂತ ನಾಲ್ಕು ಇಂಗ್ಲಿಷ್ ಅಕ್ಷರ ಇರುತ್ತವೆ. ‘ಕ್ವಾನ್ ಚಾಯ್’ ಅಂದರೆ ಸಸ್ಯಾಹಾರಿ ಖಾನಾವಳಿ. ಬೌದ್ಧರ ಊಟದ ಪದ್ಧತಿ ಇದು. ಮಾಂಸ, ಮೀನು ಇರೋದಿಲ್ಲ. ಎಷ್ಟೋ ಕಡೆ ಈರುಳ್ಳಿ, ಬೆಳ್ಳುಳ್ಳಿ ಕೂಡ ಹಾಕೋದಿಲ್ಲ.

ನಮಗೆ ಸಿಕ್ಕಿದ್ದು ಒಂದು ಗಲ್ಲಿಯೊಳಗಿನ ಮನೆ. ಮುಂದಿನ ಪಡಸಾಲೆಯೇ ಹೋಟೆಲು. ಕೂರಲು ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲು. ಗಾಜಿನ ಕಪಾಟಿನಲ್ಲಿ ಹತ್ತು-ಹನ್ನೆರಡು ತರಹದ ಪಲ್ಯ. ಬೇಕಾದ್ದನ್ನು ಬೆರಳು ಮಾಡಿ ತೋರಿಸಬೇಕು. ಅನ್ನ, ಹುರಿದ ತೋಫು, ಬದನೆಕಾಯಿ, ಹಸಿ ಹಲಸಿನ ಪಲ್ಯ, ಅಣಬೆ, ಒಂದು ಬಟ್ಟಲು ಸೊಪ್ಪಿನ ಸಾರು. ಎಲ್ಲ ಸೇರಿ 35 ಸಾವಿರ, ಅಂದರೆ 117 ರೂಪಾಯಿ. ಹಲಸಿನ ಪಲ್ಯ ನನ್ನ ಹೆಂಡತಿಗೆ ಎಷ್ಟು ಸೇರಿತು ಅಂದರೆ ಎರಡನೇ ಸಲ ಕೇಳಿ ಹಾಕಿಸಿಕೊಂಡಳು. ಅದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳಲಿಲ್ಲ. ಖಾರ ಕಡಿಮೆ, ಅದೊಂದು ನಿಜ. ಆದರೆ ಮೇಜಿನ ಮೇಲೆ ಹಸಿಮೆಣಸಿನಕಾಯಿ ಕೊಚ್ಚಿ ಇಟ್ಟಿರುತ್ತಾರೆ.

ಮೂರನೇ ದಿನ ಅಲ್ಲೇ ‘ಮೀ ಕ್ವಾಂಗ್ ಚಾಯ್’ ತಿಂದೆವು. ಅಗಲವಾದ ಅಕ್ಕಿ ಶಾವಿಗೆ, ತಳದಲ್ಲಿ ಸ್ವಲ್ಪ ರಸ, ಮೇಲೆ ಹುರಿದ ಶೇಂಗಾ. ಜೊತೆಗೆ ಕೆಂಡದ ಮೇಲೆ ಸುಟ್ಟ ಎಳ್ಳು ಹಚ್ಚಿದ ಅಕ್ಕಿ ಹಪ್ಪಳ. ಅದನ್ನು ನೋಡಿದ ಕೂಡಲೇ ತಂಗಿ ‘ಇದು ಸಂಕ್ರಾಂತಿಯ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಇದ್ದ ಹಾಗೇ ಇದೆ’ ಅಂದಳು. ಮುರಿದರೆ ಅದೇ ಸದ್ದು. ಎಳ್ಳು, ಶೇಂಗಾ ತಿಂದು ಬೆಳೆದವರಿಗೆ ಆ ಊಟ ಮನೆಯದ್ದೇ ಅನಿಸುತ್ತದೆ. ಕೊನೆಯ ದಿನ ಆ ಮನೆಯ ಅಜ್ಜಿಗೆ ಕರದಂಟು ಕೊಟ್ಟೆವು. ಎರಡೂ ಕೈಯಲ್ಲಿ ತೆಗೆದುಕೊಂಡರು. ಅಲ್ಲಿ ದೊಡ್ಡವರಿಗೆ ಏನೇ ಕೊಡುವುದಾದರೂ, ಅವರಿಂದ ತೆಗೆದುಕೊಳ್ಳುವುದಾದರೂ ಎರಡು ಕೈ ಬಳಸಬೇಕು. ಅನ್ನದ ಬಟ್ಟಲಲ್ಲಿ ಊಟದ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ. ಅದು ಸತ್ತವರ ಮುಂದೆ ಊದಿನಕಡ್ಡಿ ಹಚ್ಚಿದ ಹಾಗೆ ಕಾಣುತ್ತದೆ.

ಮಾಮೂಲಿ ಹೋಟೆಲಿನಲ್ಲಿ ಮಾತ್ರ ‘ವೆಜಿಟೇಬಲ್’ ಅಂದರೆ ನಂಬಬೇಡಿ. ಬರೀ ಸೊಪ್ಪಿನ ಪಲ್ಯಕ್ಕೂ ‘ನುವಾಕ್ ಮಾಮ್’ ಹಾಕುತ್ತಾರೆ. ಅದು ಮೀನಿನ ರಸ. ಚಾಯ್ ಬೋರ್ಡು ಇದ್ದಲ್ಲೇ ತಿನ್ನಿ.

ಈಗ ರಾತ್ರಿ ಬಸ್ಸಿನ ವಿಷಯ. ಡಾ ನಾಂಗ್‌ನಿಂದ ನ್ಯಾ ಚಾಂಗ್‌ಗೆ 500 ಕಿಲೋಮೀಟರಿಗಿಂತ ಜಾಸ್ತಿ. ರಾತ್ರಿ ಸ್ಲೀಪರ್‌ನಲ್ಲಿ ಕೆಳಗಿನ ಮೂರು ಜಾಗಕ್ಕೆ ದುಡ್ಡು ಕಟ್ಟಿದ್ದೆವು. ಹೆಂಡತಿಗೆ ಮೊಣಕಾಲು ನೋವಿದೆ, ಅದಕ್ಕೇ. ಕರೆದೊಯ್ಯಲು ಬಂದ ವ್ಯಾನು ಒಂದೂವರೆ ಗಂಟೆ ತಡ. ಹತ್ತಿ ನೋಡಿದರೆ ನಮ್ಮ ಜಾಗದಲ್ಲಿ ಬೇರೆಯವರು ಮಲಗಿದ್ದಾರೆ. ಕಂಡಕ್ಟರ್ ಮೇಲಿನ ಜಾಗಗಳ ಕಡೆ ಕೈ ತೋರಿಸಿದ, ಅಷ್ಟೇ. ಚಪ್ಪಲಿ ಬಾಗಿಲಲ್ಲೇ ಬಿಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಳ್ಳಬೇಕು, ಅದು ಒಳ್ಳೆಯ ಪದ್ಧತಿ. ಆದರೆ ಜಾಗ ಬಹಳ ಗಿಡ್ಡ. ಆರಡಿ ಇರುವ ನನಗೆ ಕಾಲು ಚಾಚಲು ಆಗಲೇ ಇಲ್ಲ. ಹೆಂಡತಿ ಸಣ್ಣ ಏಣಿ ಹತ್ತಿ ಇಳಿಯುವಾಗ ಅತ್ತೇಬಿಟ್ಟಳು. ಇಡೀ ರಾತ್ರಿ ನಿಲ್ಲಿಸಿದ್ದು ಎರಡೇ ಸಲ. ಬೆಳಗಿನ ಜಾವ ನಾಲ್ಕೂವರೆಗೆ ಊರ ಹೊರಗೆ, ಹೆದ್ದಾರಿ ಬದಿ ಇಳಿಸಿ ಹೋದರು.

ಐವತ್ತು ದಾಟಿದವರು ಜೊತೆಗಿದ್ದರೆ ರಾತ್ರಿ ಬಸ್ಸು ಬೇಡವೇ ಬೇಡ. ರೈಲಿದೆ. ಹನೋಯ್‌ನಿಂದ ಸೈಗಾನ್ (ಈಗಿನ ಹೋ ಚಿ ಮಿನ್ ಸಿಟಿ) ತನಕ 1726 ಕಿಲೋಮೀಟರ್ ಒಂದೇ ಹಳಿ, ನಡುವಿನ ದೊಡ್ಡ ಊರುಗಳು ಬಹಳಷ್ಟು ಅದರ ಮೇಲೇ ಬರುತ್ತವೆ. ಹ್ವೇ ಊರಿನಿಂದ ಡಾ ನಾಂಗ್‌ಗೆ ಹಗಲು ರೈಲಿನಲ್ಲೇ ಬನ್ನಿ. ಹಾಯ್ ವಾನ್ ಘಟ್ಟದಲ್ಲಿ ರೈಲು ಸಮುದ್ರದ ಅಂಚಿನಲ್ಲೇ ಸಾಗುತ್ತದೆ. ಎಡಗಡೆ ಕಿಟಕಿ ಹಿಡಿಯಿರಿ.

ಮೀ ಸನ್ ಬಿಡಬೇಡಿ. ಡಾ ನಾಂಗ್‌ನಿಂದ ಸುಮಾರು 70 ಕಿಲೋಮೀಟರ್. 4ನೇ ಶತಮಾನದಿಂದ 13ರ ತನಕ ಆ ಕಡೆ ಆಳಿದ ಚಂಪಾ ರಾಜರು ಕಟ್ಟಿಸಿದ ಇಟ್ಟಿಗೆ ಗುಡಿಗಳು, ಬಹಳಷ್ಟು ಶಿವನವೇ. ಇಟ್ಟಿಗೆ ನಡುವೆ ಗಾರೆ ಕಾಣೋದೇ ಇಲ್ಲ. ಪಟ್ಟದಕಲ್ಲು ನೋಡುತ್ತಾ ಬೆಳೆದವನು ನಾನು. ಕಾಡಿನ ನಡುವೆ ಆ ಲಿಂಗ, ಪಾಣಿಪೀಠ, ಸಂಸ್ಕೃತ ಶಾಸನ ನೋಡಿ ಮೈ ಜುಮ್ ಅಂದಿತು. 1969ರಲ್ಲಿ ಅಮೆರಿಕದ ಬಾಂಬು ಬಿದ್ದು ಎಷ್ಟೋ ಗೋಪುರ ಹಾಳಾದವು, ಆ ಗುಂಡಿಗಳು ಇನ್ನೂ ಇವೆ. ಕೆಲವು ಗುಡಿ ಗುಂಪುಗಳನ್ನು ನಮ್ಮ ಭಾರತೀಯ ಪುರಾತತ್ವ ಇಲಾಖೆಯವರೇ ರಿಪೇರಿ ಮಾಡಿದ್ದಾರೆ. 2020ರಲ್ಲಿ ಅಲ್ಲಿ ಅಗೆಯುವಾಗ ಅವರಿಗೆ 9ನೇ ಶತಮಾನದ ಒಂದು ಶಿವಲಿಂಗ ಸಿಕ್ಕಿತು. ಬೆಳಿಗ್ಗೆ ಏಳಕ್ಕೆಲ್ಲ ಅಲ್ಲಿರಿ. ಒಂಬತ್ತರ ಮೇಲೆ ಟೂರ್ ಬಸ್ಸುಗಳು ಬಂದು, ಧ್ವಜ ಹಿಡಿದ ಗೈಡುಗಳ ಗದ್ದಲ ಶುರುವಾಗುತ್ತದೆ.

ನನಗೆ ಗದ್ದಲ ಆಗೋದಿಲ್ಲ. ಡಾ ನಾಂಗ್ ಹತ್ತಿರ ಬಾ ನಾ ಹಿಲ್ಸ್ ಅನ್ನುವ ಗುಡ್ಡದಲ್ಲಿ ದೊಡ್ಡ ಕೈಗಳು ಎತ್ತಿ ಹಿಡಿದ ಹಾಗೆ ಕಾಣುವ ಬಂಗಾರದ ಸೇತುವೆ ಇದೆ, ಟಿಕೆಟ್ ತಲೆಗೆ ಸುಮಾರು 3000 ರೂಪಾಯಿ. ಫೋಟೋ ತೆಗೆಯಲೂ ಜಾಗ ಇಲ್ಲದಷ್ಟು ಜನ. ಆ ದುಡ್ಡಿನಲ್ಲಿ ಇಪ್ಪತ್ತೈದು ಚಾಯ್ ಊಟ ಆಗುತ್ತದೆ.

ರಸ್ತೆ ದಾಟುವಾಗ ಬೈಕುಗಳ ಪ್ರವಾಹ ನೋಡಿ ನಿಲ್ಲಬೇಡಿ, ಓಡಲೂ ಬೇಡಿ. ಒಂದೇ ವೇಗದಲ್ಲಿ ನಿಧಾನ ನಡೆಯಿರಿ, ಅವರೇ ಸುತ್ತಿ ಹೋಗುತ್ತಾರೆ. ಟ್ಯಾಕ್ಸಿಗೆ ಗ್ರ್ಯಾಬ್ ಆಪ್ ಹಾಕಿಕೊಳ್ಳಿ, ಬೆಲೆ ಮೊದಲೇ ತೋರಿಸುತ್ತದೆ. ನಲ್ಲಿ ನೀರು ಕುಡಿಯಬೇಡಿ. ಪಾಯಖಾನೆಯಲ್ಲಿ ನೀರಿನ ಪೈಪು ಇರುತ್ತದೆ. ಈ ಚಿಂತೆಯಿಂದ ಹೆಂಗಸರು ಹಿಂಜರಿಯುತ್ತಾರೆ, ಅದಕ್ಕೆ ಹೇಳಿದೆ. ಡಾ ನಾಂಗ್, ಹ್ವೇ ಕಡೆ ಅಕ್ಟೋಬರ್, ನವೆಂಬರ್‌ನಲ್ಲಿ ಮಳೆ, ಪ್ರವಾಹ ಜಾಸ್ತಿ. ನಾವು ಮಾರ್ಚ್‌ನಲ್ಲಿ ಹೋಗಿದ್ದೆವು, ಹಿತವಾಗಿತ್ತು.

ಪೇಟೆಯಲ್ಲಿ ಚೌಕಾಸಿ ಮಾಡಬಹುದು, ನಗುತ್ತಾ ಮಾಡಿ. ಆದರೆ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಹೋಗಿ, ಬೆಲೆ ಜಗ್ಗಾಡಿ, ಕೊಳ್ಳದೆ ಎದ್ದು ಬರಬೇಡಿ. ನಮ್ಮ ಬೋಣಿಗೆಯ ನಂಬಿಕೆ ಅಲ್ಲೂ ಇದೆ. ‘ಮೋ ಹಾಂಗ್’ ಅನ್ನುತ್ತಾರೆ. ತಂಗಿ ಹೀಗೆ ಒಂದು ಸೀರೆ ಅಗಲದ ರೇಷ್ಮೆ ಬಟ್ಟೆ ಬಿಟ್ಟು ಬಂದಾಗ, ಅಂಗಡಿಯಾಕೆ ಕಾಗದ ಸುಟ್ಟು ಬಾಗಿಲ ಮುಂದೆ ಆಡಿಸಿದರು. ಇಳಕಲ್ಲಿನ ಸೀರೆ ಅಂಗಡಿಯವರ ಬೋಣಿಗೆಯ ಬೇಸರ ನಮಗೆ ಗೊತ್ತು. ತಂಗಿ ವಾಪಸ್ ಹೋಗಿ ಒಂದು ಕರವಸ್ತ್ರ ಕೊಂಡಳು, ಆಕೆ ಕೈ ಹಿಡಿದುಕೊಂಡರು.

ಇನ್ನೊಂದು ಮಾತು ಊಟದ್ದೇ. ಅವರ ಚಾಂದ್ರ ತಿಂಗಳ 1 ಮತ್ತು 15ನೇ ದಿನ, ಅಂದರೆ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು, ಮಾಂಸ ತಿನ್ನುವವರೂ ಚಾಯ್ ಊಟ ಮಾಡುತ್ತಾರೆ. ಅವತ್ತು ಪಲ್ಯ ಜಾಸ್ತಿ ಬಗೆ ಇರುತ್ತವೆ, ರುಚಿಯೂ ಹೆಚ್ಚು. ಹೊರಡುವ ಮುಂಚೆ ಕ್ಯಾಲೆಂಡರ್ ನೋಡಿಕೊಳ್ಳಿ. ಹನ್ನೊಂದು ಗಂಟೆಗೇ ಹೋಗಿ ಕೂತುಬಿಡಿ. ಹನ್ನೆರಡಾದರೆ ಸ್ಟೂಲು ಸಿಗೋದಿಲ್ಲ, ಹಲಸಿನ ಪಲ್ಯವೂ ಮುಗಿದಿರುತ್ತದೆ.