ಮಾಳಿಗೆ ಮೇಲೆ 6.83

ಮಾರ್ಚ್‌ಗೇ ಬಳ್ಳಾರಿ ಕಾದ ಹೆಂಚಾಗಿದೆ. ರಾತ್ರಿ ಕರೆಂಟ್ ಹೋಯ್ತು. ಮಾಳಿಗೆ ಮೇಲೆ ಚಾಪೆ ಹಾಸಿ ಮೊಬೈಲ್‌ನಲ್ಲಿ ಹೆಣ್ಣುಮಕ್ಕಳ ಇಂಡೋರ್ ಲಾಂಗ್ ಜಂಪ್ ನೋಡುತ್ತಿದ್ದೆ. "ಗಾಳಿ ಎಷ್ಟಂತ ತೋರಿಸ್ತಿಲ್ಲಲ್ಲ ಅತ್ತೀ?" ಅಂದಳು ಅಣ್ಣನ ಮಗಳು. ಶಾಲೆ ತಂಡದಲ್ಲಿ ಹಾರುವವಳು, ಕಣ್ಣು ಚುರುಕು. ಒಳಗೆ ಗಾಳಿಯೇ ಇಲ್ಲವಲ್ಲ! ಹೊರಗಾದರೆ ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರ್ ದಾಟಿದರೆ ದಾಖಲೆಗೆ ಲೆಕ್ಕವಿಲ್ಲ.

ಪೂರ್ವ ಜರ್ಮನಿಯ ಹೈಕೆ ಡ್ರೆಕ್ಸ್ಲರ್ 1988ರಲ್ಲಿ ಒಳಾಂಗಣದಲ್ಲೇ 7.37 ಮೀಟರ್ ಹಾರಿದ್ದರು. ನಮ್ಮ ಅಂಜು ಬಾಬಿ ಜಾರ್ಜ್ 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ 6.83. ಸುಮ್ನೆ ಟೇಪ್ ಹಿಡಿದು ಅಳೆದೆವು. 6.83ಕ್ಕೇ ಮಾಳಿಗೆ ಮುಗಿದು ನೀರಿನ ಟ್ಯಾಂಕ್ ಅಡ್ಡ ಬಂತು.

ನಾನು ಹಾರುತ್ತಿದ್ದ ಗುಂಡಿಯಲ್ಲಿ ಮರಳಿಗಿಂತ ಜಾಲಿ ಮುಳ್ಳೇ ಜಾಸ್ತಿ.

"ನೀ ಎಷ್ಟು ಹಾರ್ತಿದ್ದಿ?" ಅಂದಳು. ಅಷ್ಟರಲ್ಲಿ ಕರೆಂಟ್ ಬಂತು, ಬಚಾವಾದೆ.