ಡೇಟಾ ಇಲ್ಲದವರ ಊಟ

ಮಿಕ್ಕ ಊಟ ಹಂಚೋ ಆ್ಯಪ್‌ಗಳ ಬಗ್ಗೆ ಸುಮ್ನೆ ಓದ್ತಾ ಕೂತಿದ್ದೆ. 2022ರಲ್ಲಿ ಜಗತ್ತಿನಲ್ಲಿ ಪೋಲಾದ ಆಹಾರ ಸುಮಾರು 105 ಕೋಟಿ ಟನ್, ಅದರಲ್ಲಿ ಜಾಸ್ತಿ ಪಾಲು ಮನೆಗಳದ್ದೇ ಅಂತ ವಿಶ್ವಸಂಸ್ಥೆಯ ಲೆಕ್ಕ. ಹಾಗಾಗಿ ಅಕ್ಕಪಕ್ಕದವರೇ ಫೋಟೊ ಹಾಕಿ, ಉಳಿದಿದ್ದನ್ನು ಪುಕ್ಕಟೆ ಕೊಡುವ ಓಲಿಯೊ ತರದ ಆ್ಯಪ್ ನನಗೆ ಹಿಡಿಸಿತು. ಆದರೆ ಅಲ್ಲೂ ಬೇಗ ಮೆಸೇಜ್ ಮಾಡಿದವರಿಗೇ ಅನುಕೂಲ ಅಲ್ವಾ? ಡೇಟಾ ಪ್ಯಾಕ್ ಮುಗಿದಿದೆ, ಚಾರ್ಜ್ ಶೇಕಡಾ 4, ಕೆಲಸದ ಹೊತ್ತಲ್ಲಿ ಫೋನ್ ಮುಟ್ಟೋ ಹಾಗಿಲ್ಲ, ಇಂಥವರಿಗೆ ನೋಟಿಫಿಕೇಶನ್ ಕಾಣೋ ಹೊತ್ತಿಗೆ ಊಟ ಬೇರೆಯವರ ಪಾಲಾಗಿರುತ್ತದೆ. ಹಸಿದವರು ಜಾಸ್ತಿ ಇವರೇ.

2009ರಲ್ಲೇ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮ ಅನ್ನೋ ಸಂಸ್ಥೆಯವರು ಸಿರಿಯಾದ ಡಮಾಸ್ಕಸ್‌ನಲ್ಲಿದ್ದ ಇರಾಕಿ ನಿರಾಶ್ರಿತರಿಗೆ ಎಸ್ಸೆಮ್ಮೆಸ್‌ನಲ್ಲಿ ಕೋಡ್ ಕಳಿಸಿದ್ದರು. ಅಂಗಡಿಯಲ್ಲಿ ತೋರಿಸಿದರೆ ದಿನಸಿ. ಆ್ಯಪ್ ಬೇಡ, ಇಂಟರ್ನೆಟ್ ಬೇಡ. ಹೊಸ ಆ್ಯಪ್ ಮಾಡೋರು ಈ ಹಳೇ ದಾರಿಯನ್ನೂ ಒಮ್ಮೆ ನೋಡಲಿ.